ನನಗೇ ಗಾಬರಿ ಇರುವಾಗ ಇನ್ನೊಬ್ಬರಿಗೆ ಧೈರ್ಯ ಹೇಳಬಹುದೇ?

ಪ್ರಶ್ನೆ: ಮೇಡಂ, ನನಗೆ 29 ವರ್ಷ, ಊರು ಕಲಬುರಗಿ. ಎಂಎಸ್‌ಡಬ್ಲ್ಯೂ ಮುಗಿಸಿ ನಾಲ್ಕು ವರ್ಷದಿಂದ ಒಂದು ಸಂಸ್ಥೆಯಲ್ಲಿ ಆಪ್ತ ಸಮಾಲೋಚಕಿಯಾಗಿದ್ದೇನೆ. ಸೇಡಂ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹೆಣ್ಣುಮಕ್ಕಳ ಕಷ್ಟ ಕೇಳುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ನನಗೇ ಒಮ್ಮೆಲೇ ಎದೆ ಹೊಡೆದುಕೊಳ್ಳುವುದು, ಕೈ ಜೋಮು ಹಿಡಿಯುವುದು ಶುರುವಾಯಿತು. ಹಾರ್ಟ್ ಇರಬೇಕೆಂದು ಜಯದೇವದಲ್ಲಿ ಇಸಿಜಿ, ಎಕೋ ಮಾಡಿಸಿದೆವು, ಎಲ್ಲಾ ನಾರ್ಮಲ್. ಅವ್ವ ಗಾಣಗಾಪುರಕ್ಕೂ ಕರೆದುಕೊಂಡು ಹೋಗಿ ಬಂದಳು. ಕೊನೆಗೆ ಮನೋವೈದ್ಯರು ಪ್ಯಾನಿಕ್ ಡಿಸಾರ್ಡರ್ ಎಂದರು. ಆತಂಕ ತಗ್ಗಿಸುವ ಎಸ್ಸಿಟಾಲೊಪ್ರಾಮ್ ಗುಳಿಗಿ ದಿನಾ ನಡೆದಿದೆ. ತೀರಾ ಆಗದಿದ್ದಾಗ ಮಾತ್ರ ಎಂದು, ಗಾಬರಿಯನ್ನು ಬೇಗ ಇಳಿಸುವ ಕ್ಲೋನಾಜೆಪಾಮ್ ಬರೆದುಕೊಟ್ಟಿದ್ದಾರೆ. ಎಂಟು ತಿಂಗಳಿಂದ ಆರಾಮ ಇದ್ದೆ.

ಈಗ ಓಣಿಯವರು, ಬಂಧು-ಬಳಗ, ಹಳ್ಳಿಯವರು ಎಲ್ಲರೂ ನನಗೇ ಫೋನ್ ಮಾಡುತ್ತಾರೆ. ರಾತ್ರಿ ಎರಡಕ್ಕೂ ಬರುತ್ತದೆ. ಎತ್ತದೆ ಇರಲು ಆಗುವುದಿಲ್ಲ. ಹೋದ ತಿಂಗಳು ತೊಗರಿ ಕೈಕೊಟ್ಟು, ಸಾಲದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನನ್ನ ಕೈ ಹಿಡಿದು ಎರಡು ತಾಸು ಅತ್ತರು. ಮರುದಿನ ಸೇಡಂ ಬಸ್ಸಿನಲ್ಲಿ ಅದೇ ಹಳೆಯ ಗಾಬರಿ ಬಂತು, ಮಳಖೇಡದಲ್ಲಿ ಇಳಿದುಬಿಟ್ಟೆ. ಅಂದಿನಿಂದ ಸಹೋದ್ಯೋಗಿಯ ಗಾಡಿ ಮೇಲೆ ಹೋಗುತ್ತಿದ್ದೇನೆ. ಗುಳಿಗಿ ನುಂಗುವವಳು ಬೇರೆಯವರಿಗೆ ಧೈರ್ಯ ಹೇಳುವುದು ಮೋಸ ಅನ್ನಿಸುತ್ತದೆ. ಕೆಲಸ ಬಿಡಲೇ, ಗುಳಿಗಿ ಬಿಡಲೇ? ಇನ್ನೊಂದು ಮಾತು. ಸೇಡಂನಲ್ಲಿರುವ ನಮ್ಮ ಅತ್ತಿಗೆ ನಿದ್ದೆಯೇ ಬರುವುದಿಲ್ಲ ಎಂದಾಗ ನನ್ನ ಕ್ಲೋನಾಜೆಪಾಮ್‌ನಲ್ಲಿ ಆರು ಗುಳಿಗಿ ಕೊಟ್ಟೆ. ತಪ್ಪಾಯಿತೇ?

ಉತ್ತರ: ತಂಗೀ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಅದಕ್ಕೆ ತಡ ಮಾಡುವಂತಿಲ್ಲ. ಹೌದು, ತಪ್ಪಾಯಿತು. ಇದನ್ನು ಓದಿದ ಕೂಡಲೇ ಅತ್ತಿಗೆಗೆ ಫೋನ್ ಮಾಡಿ, ಆರರಲ್ಲಿ ಎಷ್ಟು ಉಳಿದಿವೆ ಕೇಳಿ, ಉಳಿದವನ್ನು ಮುಟ್ಟಬೇಡಿ ಎಂದು ಹೇಳಿ. ಒಂದೆರಡು ತೊಗೊಂಡಿದ್ದರೆ ಅಷ್ಟಕ್ಕೇ ಹೆದರಬೇಕಾದ್ದಿಲ್ಲ. ಆದರೆ ಅವರು ಬಸುರಿಯೇ, ಬೇರೆ ಔಷಧ ನಡೆದಿದೆಯೇ, ಮಲಗಿದಾಗ ಉಸಿರು ಕಟ್ಟಿದಂತಾಗುತ್ತದೆಯೇ, ನಿದ್ದೆ ಹಾರಿಹೋಗಲು ಕಾರಣವೇನು, ಇದ್ಯಾವುದನ್ನೂ ಕೇಳದೆ ಕೊಟ್ಟ ಗುಳಿಗಿ ಅದು. ಕ್ಲೋನಾಜೆಪಾಮ್ ಮೊದಲ ರಾತ್ರಿಯೇ ನಿದ್ದೆ ತರುತ್ತದೆ. ಅದಕ್ಕೇ ಜನ ಅದನ್ನು ಬಿಡುವುದಿಲ್ಲ. ಕೆಲವು ವಾರ ದಿನಾ ನುಂಗಿದರೆ ಮೈ ಒಗ್ಗಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಚಡಪಡಿಕೆ ಆಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಸೆರೆಯ (ಮದ್ಯದ) ಜೊತೆ ಸೇರಿದರೆ ಉಸಿರೇ ನಿಧಾನವಾಗುತ್ತದೆ. ಒಂದು ಮನೆಯಲ್ಲಿ ಒಬ್ಬರಿಗೆ ಬರೆದ ಗುಳಿಗಿ ನಾಲ್ಕು ಮನೆ ಸುತ್ತುವುದನ್ನು ನಾನು ಈ ಊರಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕೊಡುವವರೆಲ್ಲ ನಿಮ್ಮಂಥ ಒಳ್ಳೆಯವರೇ.

ಆದರೂ ಆ ಆರು ಗುಳಿಗಿಯಿಂದಲೇ ನನಗೆ ನಿಮ್ಮ ಪತ್ರ ಅರ್ಥವಾಯಿತು. ಅತ್ತಿಗೆ ಸಂಕಟಪಡುತ್ತಿದ್ದಾಗ ಏನೂ ಮಾಡದೆ ಪಕ್ಕದಲ್ಲಿ ಕೂತಿರಲು ನಿಮ್ಮಿಂದ ಆಗಲಿಲ್ಲ. ರಾತ್ರಿ ಎರಡಕ್ಕೆ ಫೋನ್ ಬಡಿದುಕೊಂಡಾಗ ಎತ್ತದೆ ಇರಲು ಆಗುವುದಿಲ್ಲ. ಮಳಖೇಡದಲ್ಲಿ ಇನ್ನೊಂದು ಹತ್ತು ನಿಮಿಷ ಸೀಟಿನಲ್ಲಿ ಇರಲು ಆಗಲಿಲ್ಲ. ನೀವು ಇವನ್ನು ಮೂರು ಬೇರೆ ಸಂಗತಿಗಳಾಗಿ ಬರೆದಿದ್ದೀರಿ. ನನ್ನ ಕಣ್ಣಿಗೆ ಮೂರೂ ಒಂದೇ. ಮನಸ್ಸಿನ ಕಳವಳವನ್ನು, ಅದು ನಿಮ್ಮದಿರಲಿ ಇನ್ನೊಬ್ಬರದಿರಲಿ, ಈ ಗಳಿಗೆಯೇ ಆರಿಸಿಬಿಡಬೇಕು ಎನ್ನುವ ಆತುರ ಅದು. ಅದನ್ನು ನೀವು ಮೃದು ಮನಸ್ಸು ಅಂದುಕೊಂಡಿದ್ದೀರಿ. ಮೃದು ಮನಸ್ಸು ನಿಮ್ಮದು ಹೌದು, ಆದರೆ ಈ ಆತುರ ಕಾಯಿಲೆಯ ಕಡೆಯಿಂದ ಬಂದದ್ದು.

ಮೋಸದ ಮಾತಿಗೆ ಬರೋಣ. 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಆತಂಕ, ಖಿನ್ನತೆಯಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ನೀವು ಹಳ್ಳಿಯಲ್ಲಿ ಯಾರ ಮನೆಯ ಕಟ್ಟೆ ಮೇಲೆ ಕೂಡುತ್ತೀರೋ ಆ ಹೆಣ್ಣುಮಕ್ಕಳೆಲ್ಲ ಈ 85ರಲ್ಲಿದ್ದವರು. ಇಸಿಜಿ ನಾರ್ಮಲ್ ಬಂದರೂ ಜೀವ ಹೋಗುತ್ತದೆ ಅನ್ನಿಸುವುದು ಹೇಗಿರುತ್ತದೆ, ಮನೋವೈದ್ಯರ ಬಾಗಿಲಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ಕೂಡುವುದು ಹೇಗಿರುತ್ತದೆ ಎಂಬುದು ನಿಮಗೆ ಗೊತ್ತು. ಅದನ್ನು ದಾಟಿ ಬಂದವರು ಅಲ್ಲಿ ಹೋಗಿ ಕೂಡುವುದರಲ್ಲಿ ಮೋಸವೇನೂ ಇಲ್ಲ. ನನಗೆ ಚಿಂತೆ ಬೇರೆಯೇ. ಇನ್ನೊಬ್ಬರ ಗಾಬರಿ ಎದುರಿಗಿದ್ದಾಗ ನಮ್ಮ ಗಾಬರಿ ಕೇಳಿಸುವುದಿಲ್ಲ. ಆ ಹೊತ್ತಿನಷ್ಟು ಮನಸ್ಸು ಹಗುರ. ಹಾಗಾಗಿ ನೆರವು ಮಾಡುವ ಕೆಲಸ ಅಡಗಿಕೊಳ್ಳುವ ಜಾಗವೂ ಆಗಿಬಿಡಬಹುದು. ನಿಮ್ಮ ಫೋನಿನ ಕಥೆಯಲ್ಲಿ ಅದು ಆಗಿದೆ ಅಂತ ನನ್ನ ಅನಿಸಿಕೆ.

ಆ ಫೋನನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಗಂಟೆ ಎರಡು. ಆಚೆಯಿಂದ ಹೆಣ್ಣುದನಿ: ‘ಅಕ್ಕಾರ, ಎದಿ ನಿಂತೇ ಹೋಗ್ತದ ಅನಸ್ತದ್ರಿ.’ ನೀವು ಎದ್ದು ಕೂತು, ‘ಏನೂ ಆಗಂಗಿಲ್ಲ ಬಿಡ್ರಿ, ನಾ ಅದೀನಲ್ಲ’ ಅನ್ನುತ್ತೀರಿ. ಅವರಿಗೆ ಸಮಾಧಾನ, ನಿಮಗೂ ಸಮಾಧಾನ. ಹದಿನೈದು ನಿಮಿಷದಲ್ಲಿ ಅವರ ಗಾಬರಿ ಇಳಿಯುತ್ತದೆ. ಅದು ತಾನಾಗಿಯೇ ಇಳಿಯುವುದಿತ್ತು. ಆದರೆ ಅವರು ಕಲಿತದ್ದು ‘ಅಕ್ಕ ಫೋನ್ ಎತ್ತಿದ್ದಕ್ಕೆ ಉಳಿದೆ’ ಎಂದು. ನೀವು ಕಲಿತದ್ದು ‘ನಾನು ಎತ್ತದಿದ್ದರೆ ಅನಾಹುತ ಆಗುತ್ತಿತ್ತು’ ಎಂದು. ಮರುರಾತ್ರಿ ಅವರು ಒಂದೂವರೆಗೇ ಮಾಡುತ್ತಾರೆ, ನೀವು ಒಂದು ಗಂಟೆಯಿಂದಲೇ ಎಚ್ಚರಿರುತ್ತೀರಿ. ಒಂದೇ ಫೋನು ಇಬ್ಬರ ಗಾಬರಿಗೂ ಮೇವು ಹಾಕುತ್ತಿದೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದವರಿಗೆಲ್ಲ ನಂಬರ್ ಕೊಡುತ್ತಿದ್ದೆ. ಒಬ್ಬ ಹುಡುಗ (ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ) ದಿನಕ್ಕೆ ಹತ್ತು-ಹನ್ನೆರಡು ಸಲ ಫೋನ್ ಮಾಡುವವನು. ಪ್ರತಿ ಸಲವೂ ಎತ್ತಿ ಧೈರ್ಯ ಹೇಳುತ್ತಿದ್ದೆ, ಹೇಳಿ ಕೆಳಗಿಟ್ಟಾಗ ನನಗೂ ಒಂದು ನೆಮ್ಮದಿ. ಆಮೇಲೆ ನನಗೆ ಟೈಫಾಯ್ಡ್ ಬಂತು, ಹತ್ತು ದಿನ ಫೋನ್ ಅವ್ವನ ಬಳಿ ಇತ್ತು. ಆ ಹುಡುಗನಿಗೆ ಏನಾಯಿತೋ ಎಂದು ಜ್ವರದಲ್ಲೂ ನನಗೆ ಅದೇ ಯೋಚನೆ. ಅವನು ಬಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ನಾಕ್ ದಿನ ಭಾಳ ತ್ರಾಸ್ ಆಯ್ತ್ರಿ ಮೇಡಂ. ಐದನೇ ದಿನ ಫೋನ್ ಮಾಡೋದೇ ಮರತ್ ಬಿಟ್ಟೆ.’ ಆರು ತಿಂಗಳು ನನ್ನ ಧೈರ್ಯದ ಮಾತುಗಳಿಂದ ಆಗದಿದ್ದದ್ದು ಅವನಿಗೆ ಆ ಹತ್ತು ದಿನದಲ್ಲಿ ಆಗಿತ್ತು. ನಾನು ಅವನಿಗೆ ತನ್ನ ಕಾಲ ಮೇಲೆ ನಿಲ್ಲಲು ಬಿಟ್ಟಿರಲಿಲ್ಲ.

ಹಾಗಂತ ನಾಳೆಯೇ ಫೋನ್ ಬಂದ್ ಮಾಡಿ ಮಲಗಿ ಎಂದು ಹೇಳುತ್ತಿಲ್ಲ. ಮೊದಲು ಹಗಲು ಹೊತ್ತಿನಲ್ಲಿ ಒಬ್ಬೊಬ್ಬರಿಗೂ ಕೂತು ತಿಳಿಸಿ: ಮುಂಜಾನೆ ಎಂಟರಿಂದ ಸಂಜೆ ಏಳರವರೆಗೆ ನಾನು ಸಿಗುತ್ತೇನೆ, ರಾತ್ರಿ ಸಿಗುವುದಿಲ್ಲ, ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಮಾಡಿ. ಇದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, 24 ತಾಸೂ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅವರ ಮೊಬೈಲಿನಲ್ಲಿ ನೀವೇ ಅದನ್ನು ಸೇವ್ ಮಾಡಿಕೊಟ್ಟು, ನಿಮ್ಮೆದುರಿಗೇ ಒಂದು ಸಲ ಮಾಡಿಸಿ. ಗೊತ್ತಿಲ್ಲದ ನಂಬರಿಗೆ ನಡುರಾತ್ರಿ ಮೊದಲ ಬಾರಿ ಯಾರೂ ಮಾಡುವುದಿಲ್ಲ. ಹಗಲಿನ ಫೋನಿನಲ್ಲೂ ‘ಏನೂ ಆಗಂಗಿಲ್ಲ’ ಎನ್ನುವ ಬದಲು ‘ಹೋದ ಸಲ ಹಿಂಗಾದಾಗ ಎಷ್ಟೊತ್ತಿಗೆ ಇಳೀತ್ರಿ?’ ಎಂದು ಕೇಳಿ ನೋಡಿ. ಉತ್ತರ ಅವರ ಬಾಯಿಂದಲೇ ಬರಲಿ. ಮೊದಲ ನಾಲ್ಕೈದು ರಾತ್ರಿ ನಿಮಗೆ ಕಷ್ಟವಾಗುತ್ತದೆ. ಫೋನ್ ಅಡುಗೆಮನೆಯಲ್ಲಿಟ್ಟು ಮಲಗಿದರೂ ಕಿವಿ ಅತ್ತಲೇ ಇರುತ್ತದೆ. ಆ ಕಷ್ಟವೇ ನಿಮ್ಮ ಚಿಕಿತ್ಸೆಯ ಒಂದು ಭಾಗ ಎಂದು ತಿಳಿಯಿರಿ.

ಇದಕ್ಕೆ ಒಂದು ಅಪವಾದವಿದೆ, ಅದರಲ್ಲಿ ರಾಜಿಯಿಲ್ಲ. ಯಾರಾದರೂ ‘ಜೀವ ಬ್ಯಾಡಾಗ್ಯದ’ ಎಂದರೆ, ಅಥವಾ ಹಾಗೆ ಅನುಮಾನ ಬಂದರೆ, ಸುತ್ತಿ ಬಳಸದೆ ನೇರವಾಗಿ ಕೇಳಿ: ಸಾಯುವ ವಿಚಾರ ಬರುತ್ತಿದೆಯೇ? ಕೇಳಿದ್ದರಿಂದ ಇಲ್ಲದ ವಿಚಾರ ಹುಟ್ಟುವುದಿಲ್ಲ. ಎಷ್ಟೋ ಜನ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ, ಮನೆಯವರನ್ನು ಎಬ್ಬಿಸಿ. ತೊಗರಿಗೆ ಹೊಡೆಯಲು ತಂದಿಟ್ಟ ಎಣ್ಣೆಯ (ಕೀಟನಾಶಕದ) ಡಬ್ಬಿ ಮನೆಯಲ್ಲಿದ್ದರೆ ಆಚೆ ಮನೆಗೆ ಸಾಗಿಸಿ ಕೀಲಿ ಹಾಕಿಸಿ. ಆ ಒಂದು ರಾತ್ರಿ ಡಬ್ಬಿ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ, ಯಾಕೆಂದರೆ ಆ ತೀವ್ರ ಗಳಿಗೆ ಬಹಳ ಸಲ ದಾಟಿಹೋಗುವಂಥದ್ದು. ಏನಾದರೂ ತೊಗೊಂಡಿದ್ದರೆ ಮಾತಾಡುತ್ತ ಕೂಡಬೇಡಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆ. ಪೊಲೀಸ್ ಕೇಸ್ ಆಗುತ್ತದೆ ಎಂದು ಮನೆಯವರು ಮುಚ್ಚಿಡಲು ನೋಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಇದನ್ನು ಹಳ್ಳಿಯಲ್ಲಿ ಮೊದಲೇ ಹೇಳಿಟ್ಟಿರಿ.

ಈಗ ಬಸ್ಸು. ಅಂದು ನಿಮ್ಮ ಮೈಯಲ್ಲಿ ನಡೆದದ್ದು ಇಷ್ಟು: ಅಡ್ರಿನಲಿನ್ ಏರಿತು, ಉಸಿರು ಜೋರಾಯಿತು, ಜೋರು ಉಸಿರಿಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯಿತು, ಅದಕ್ಕೇ ಬೆರಳು ಜೋಮು, ತಲೆ ಗಿರ್ ಅಂದದ್ದು. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯಲೇಬೇಕು. ನೀವು ತುದಿಯಲ್ಲೇ ಇಳಿದುಬಿಟ್ಟಿರಿ. ‘ಇಳಿದೆ, ಅದಕ್ಕೇ ಉಳಿದೆ’ ಎಂದು ಮಿದುಳು ಲೆಕ್ಕ ಬರೆದುಕೊಂಡಿತು. ಒಂದು ಸಲ ಗಾಬರಿ ಬಂದದ್ದನ್ನು ನಾನು ಕಾಯಿಲೆ ಮರಳಿತು ಎಂದು ಕರೆಯುವುದಿಲ್ಲ. ಅದರ ನಂತರದ ಗಾಡಿ ಸವಾರಿಯೇ ನನಗೆ ಹೆಚ್ಚು ಭಯ. ಇವತ್ತು ಬಸ್ಸು ಬಿಟ್ಟವರು ನಾಳೆ ಸಂತೆ ಬಿಡುತ್ತಾರೆ, ನಾಡಿದ್ದು ಮದುವೆ-ಮುಂಜಿ ಬಿಡುತ್ತಾರೆ.

ಹಾಗಾಗಿ ಅದೇ ಬಸ್ ಹತ್ತಬೇಕು. ಪೂರಾ ಸೇಡಂಗೇ ಟಿಕೆಟ್ ತೊಗೊಳ್ಳಿ. ಗಾಬರಿ ಬಂದಾಗ ಅದಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಒಂದು ಚೀಟಿಯಲ್ಲಿ ಬರೆಯಿರಿ, ಐದು ನಿಮಿಷಕ್ಕೊಮ್ಮೆ ಮತ್ತೆ ಬರೆಯಿರಿ. ಉಸಿರು ಹೊರಗೆ ಬಿಡುವುದನ್ನು ಸ್ವಲ್ಪ ಉದ್ದ ಮಾಡಿ, ಅದಕ್ಕಿಂತ ಹೆಚ್ಚಿನ ಸರ್ಕಸ್ ಬೇಡ. ಮಳಖೇಡದ ಹತ್ತಿರ ಕಾಗಿಣಾ ಸೇತುವೆ ಬಂದಾಗ ಅಂಕ ಏರುತ್ತದೆ, ಏರಲಿ. ಎರಡು ವಾರದಲ್ಲಿ ಐದಾರು ಸಲ ಹೋಗಿ ಬಂದರೆ ಆ ಚೀಟಿಗಳನ್ನು ಸಾಲಾಗಿಟ್ಟು ನೀವೇ ನೋಡಿ.

ಪರ್ಸಿನಲ್ಲಿ ಕ್ಲೋನಾಜೆಪಾಮ್ ಇರುತ್ತದೆ ಎಂದು ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ ಅಂದುಕೊಂಡಿದ್ದೇನೆ. ನನ್ನ ಬಳಿ ಬರುತ್ತಿದ್ದ ಅಫಜಲಪುರ ಕಡೆಯ ತಾಯಿಯೊಬ್ಬರು ಒಂದು ದಿನ ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದರು. ಒಳಗೆ ಮಡಚಿ ಮಡಚಿ ಬೆಳ್ಳಿ ಬಣ್ಣ ಹೋದ ಒಂದು ಚೂರು ಪಟ್ಟಿ, ಅದರಲ್ಲಿ ಒಂದೇ ಗುಳಿಗಿ, ಅದೂ ಪುಡಿಯಾಗಿತ್ತು. ಮೂರು ವರ್ಷ ಅದನ್ನು ನುಂಗಿರಲಿಲ್ಲ, ಸೀರೆ ಬದಲಿಸಿದಾಗಲೆಲ್ಲ ಗಂಟು ಬದಲಿಸಿದ್ದರು. ‘ಇದು ಇತ್ತಲ್ರಿ, ಅದಕ್ಕ ಏನೂ ಆಗಿಲ್ಲ’ ಎಂದರು. ಪುಡಿಯಾದ ಗುಳಿಗಿಯ ಮೇಲೆ ಅಷ್ಟು ನಂಬಿಕೆ, ಮೂರು ವರ್ಷ ಅದಿಲ್ಲದೆ ಬದುಕಿದ ತಮ್ಮ ಮೇಲೆ ಇಲ್ಲ. ನಿಮ್ಮ ಪಟ್ಟಿಯನ್ನು ಬಸ್ ಹತ್ತುವ ದಿನ ಮನೆಯಲ್ಲೇ ಬಿಡಿ. ನೀರಿನ ಬಾಟಲಿ ಮಾತ್ರ ಇರಲಿ. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮೂರಿನಲ್ಲಿ ನೀರಿಲ್ಲದೆ ಬಸ್ ಹತ್ತಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಿಸಿಲಿಗೆ ಮೈಯ ನೀರು ಕಡಿಮೆಯಾದರೂ ಎದೆ ಬಡಿತ ಏರುತ್ತದೆ, ಅದನ್ನೇ ಗಾಬರಿ ಅಂದುಕೊಂಡು ನಿಜವಾಗಿ ಗಾಬರಿಯಾಗುವವರಿದ್ದಾರೆ. ಚಾ ಕೂಡ ಹಾಗೆಯೇ. ಮನೆಮನೆಗೆ ಹೋಗುವ ನಿಮಗೆ ಪ್ರತಿ ಮನೆಯಲ್ಲೂ ಒಂದು ಕಪ್, ಬೇಡ ಎಂದರೆ ಅವರಿಗೆ ಬೇಸರ. ಎರಡು ಕಪ್ ಆದ ನಂತರ ಮಜ್ಜಿಗೆ ಕೇಳಿ, ಖುಷಿಯಿಂದ ಕೊಡುತ್ತಾರೆ. ಥೈರಾಯ್ಡ್ ಮತ್ತು ಹಿಮೊಗ್ಲೋಬಿನ್ ಇದುವರೆಗೆ ನೋಡಿಸಿಲ್ಲವಾದರೆ ಒಮ್ಮೆ ನೋಡಿಸಿ.

ಆ ತಾಯಿಯ ವಿಷಯ ಕೊನೆಗೆ ಉಳಿಸಿಕೊಂಡೆ, ಅದನ್ನು ಓದಿ ನನಗೂ ಸುಮ್ಮನೆ ಕೂಡಬೇಕಾಯಿತು. ಮಗನನ್ನು ಕಳೆದುಕೊಂಡವರ ಕೈ ಎರಡು ತಾಸು ಹಿಡಿದು ಕೂತವರಿಗೆ ಮರುದಿನ ಮೈ ಸರಿ ಇರುವುದಿಲ್ಲ, ಗಾಬರಿ ಕಾಯಿಲೆ ಇಲ್ಲದವರಿಗೂ ಇರುವುದಿಲ್ಲ. ನೀವು ಅಲ್ಲಿಂದ ಎದ್ದು ಎಲ್ಲಿಗೆ ಹೋದಿರಿ, ಯಾರ ಜೊತೆ ಮಾತಾಡಿದಿರಿ ಎಂದು ಪತ್ರದಲ್ಲಿ ಹುಡುಕಿದೆ. ಇಲ್ಲ. ಇಲ್ಲಿ ನಿಮ್ಮ ಸಂಸ್ಥೆಯ ಕಡೆಯಿಂದ ದೊಡ್ಡ ಕೊರತೆ ಇದೆ, ಅದನ್ನು ನೀವು ನಿಮ್ಮ ದೌರ್ಬಲ್ಯ ಎಂದು ಹೊತ್ತುಕೊಂಡಿದ್ದೀರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಭಾಗದ್ದೇ ಆದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರು, ಇವರಿಗೇ ಮಾನಸಿಕ ಕಾಯಿಲೆ ಗುರುತಿಸಿ ನೋಡಿಕೊಳ್ಳಲು ತರಬೇತಿ ಕೊಟ್ಟರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅಲ್ಲಿ ಕಾರ್ಯಕರ್ತೆಯ ಹಿಂದೆ ಕೇಂದ್ರದ ಡಾಕ್ಟರು, ಅವರ ಹಿಂದೆ ಜಿಲ್ಲೆಯ ಮನೋವೈದ್ಯರು ಇದ್ದರು. ನಿಮ್ಮ ಹಿಂದೆ ಯಾರಿದ್ದಾರೆ? ವಾರಕ್ಕೆ ಒಂದು ತಾಸು, ಹಿರಿಯ ಸಮಾಲೋಚಕರೊಬ್ಬರ ಎದುರು ಆ ವಾರ ಕೇಳಿದ್ದನ್ನೆಲ್ಲ ಇಳಿಸಲು ಸಮಯ ಕೊಡಿ ಎಂದು ಸಂಸ್ಥೆಯನ್ನು ಬರವಣಿಗೆಯಲ್ಲಿ ಕೇಳಿ. ಅದು ನಿಮ್ಮ ಮೇಲಿನ ಕರುಣೆಯಲ್ಲ, ಈ ಕೆಲಸಕ್ಕೆ ಬೇಕಾದ ಸಾಮಾನು. ಅದು ಸಿಗುವವರೆಗೆ ಸಾವಿನ ಮನೆಗಳಿಗೆ ಒಬ್ಬರೇ ಹೋಗಬೇಡಿ. ಮತ್ತೆ ಆ ತಾಯಿಯ ಹತ್ತಿರ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ, ನೀವು ಕಾಣೆಯಾದರೆ ಅವರಿಗೆ ಇನ್ನೊಂದು ನಷ್ಟ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಅರ್ಧ ತಾಸು ಕೂತು ಬನ್ನಿ.

ನಿಮ್ಮ ಗುಳಿಗಿಯ ವಿಷಯ ಯಾರಿಗೆ ಹೇಳಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಾರಿಗೂ ಹೇಳಬೇಕೆಂಬ ಕಟ್ಟುಪಾಡಿಲ್ಲ, ಅದೇ 2017ರ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರುವ ಹಕ್ಕು ಕೊಟ್ಟಿದೆ. ಎದುರಿಗಿರುವ ಹೆಣ್ಣುಮಗಳು ಗುಳಿಗಿಗೆ ಹೆದರಿ ಕೂತಾಗ ‘ನಾನೂ ತೊಗೊಂಡೀನಿ, ಆರಾಮ ಆಗೀನಿ’ ಎಂಬ ಒಂದು ಮಾತು ಬಹಳ ಕೆಲಸ ಮಾಡುತ್ತದೆ, ಹೇಳಿ. ಒಂದು ಮಾತು ಹೋಗಿ ಹತ್ತಾದರೆ, ಅವರು ನಿಮಗೆ ಸಮಾಧಾನ ಹೇಳುವ ಹಾಗಾದರೆ, ನಿಲ್ಲಿಸಿ.

ಕೆಲಸ ಬಿಡಬೇಡಿ, ಆದರೆ ಬಸ್ಸಿನ ಅಭ್ಯಾಸ ಮುಗಿಯುವ ತನಕ ಮನೆಗಳ ಸಂಖ್ಯೆ ಅರ್ಧ ಮಾಡಿಸಿಕೊಳ್ಳಿ. ಎಸ್ಸಿಟಾಲೊಪ್ರಾಮ್ ಅನ್ನೂ ಬಿಡಬೇಡಿ. ಪ್ಯಾನಿಕ್‌ನಲ್ಲಿ ಪೂರ್ತಿ ಆರಾಮವಾದ ಮೇಲೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಮುಂದುವರಿಸಿ, ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತೇವೆ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು, ವಿನಾಕಾರಣ ಸಿಟ್ಟು ಬರುತ್ತದೆ, ಅದನ್ನು ನೋಡಿ ಕಾಯಿಲೆಯೇ ಬಂತೆಂದು ಮತ್ತೆ ಗಾಬರಿಯಾಗುತ್ತೀರಿ. ನಿಮ್ಮ ವೈದ್ಯರಿಗೆ ಮಳಖೇಡದ ಸಂಗತಿಯನ್ನೂ ಈ ಬಸ್ಸಿನ ಅಭ್ಯಾಸವನ್ನೂ ತಿಳಿಸಿ. ವಾರದಲ್ಲಿ ಎರಡು ಮೂರು ಸಲ ಗಾಬರಿ ಬರತೊಡಗಿದರೆ, ನಿದ್ದೆ ಎರಡು ವಾರ ಕೆಟ್ಟರೆ ಕೊಟ್ಟ ತಾರೀಖಿಗೆ ಕಾಯದೆ ಹೋಗಿ.

ಇನ್ನು ಅತ್ತಿಗೆ. ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂದು ಸೇಡಂ ಆಸ್ಪತ್ರೆಯಲ್ಲಿ ಕೇಳಿಕೊಂಡು, ಅಂದು ಬಸ್ಸಿನಲ್ಲೇ ಹೋಗಿ. ಅತ್ತಿಗೆಯನ್ನು ಮನೆಯಿಂದ ಕರೆದುಕೊಂಡು ತೋರಿಸಿ, ಉಳಿದ ಗುಳಿಗಿ ವಾಪಸ್ ಇಸಿದುಕೊಂಡು, ನಾನು ತಿಳಿಯದೆ ಕೊಟ್ಟೆ ಎಂದು ಅವರಿಗೆ ಹೇಳಿ. ಮಧ್ಯಾಹ್ನದ ರೊಟ್ಟಿ ಅಲ್ಲೇ ಉಂಡು, ಕಲಬುರಗಿ ಬಸ್ಸಿಗೆ ಒಬ್ಬರೇ ಹತ್ತಿ. ಮಳಖೇಡದಲ್ಲಿ ಬಸ್ ನಿಂತಾಗ ಚೀಟಿ ತೆಗೆದು ಅಂಕ ಬರೆಯಿರಿ.